ಅಮಾವಾಸ್ಯೆಯ ಮರುದಿನ ದೋಣಿ ಹತ್ತಬೇಡಿ

ಸೂರ್ಯಾಸ್ತ ನೋಡಲು ಹೊರಟವರು ನಾವು. ನೋಡಿದ್ದೇನೋ ನಿಜ. ಆದರೆ ಅಘನಾಶಿನಿ ಹೊಳೆಯ ನಡುಮಧ್ಯೆ, ಕೆಸರು ದಿಬ್ಬದ ಮೇಲೆ ವಾಲಿಕೊಂಡು ಕೂತ ದೋಣಿಯಲ್ಲಿ, ಸೊಳ್ಳೆ ಹೊಡೆದುಕೊಳ್ಳುತ್ತಾ ನೋಡಿದೆವು. ಎರಡು ಗಂಟೆ ಹೊತ್ತು.

ಮೊದಲಿಂದ ಹೇಳುತ್ತೇನೆ. 2024ರ ದೀಪಾವಳಿ ರಜೆ. ನಾನು, ತಂಗಿ, ಅವಳ ಹತ್ತು ವರ್ಷದ ಮಗ. ಅರಬೈಲು ಘಟ್ಟ ಇಳಿದು ಅಂಕೋಲಾ ಸೇರಿ, ಹೆದ್ದಾರಿ ಹಿಡಿದು ಕುಮಟಾ ಕಡೆ ಹೊರಟೆವು. ದಾರಿಯಲ್ಲಿ ಶಿರೂರು ಬಂತು. ಅದೇ ವರ್ಷ ಜುಲೈ 16ರಂದು ಗುಡ್ಡ ಕುಸಿದ ಜಾಗ. ಅವತ್ತು ಕೊಚ್ಚಿಹೋದ ಲಾರಿಯನ್ನು ಗಂಗಾವಳಿ ಹೊಳೆಯ ತಳದಿಂದ ಮೇಲೆತ್ತಿ ಇನ್ನೂ ಒಂದೂವರೆ ತಿಂಗಳೂ ಆಗಿರಲಿಲ್ಲ. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತ್ತು. ಗುಡ್ಡದ ಮೇಲೆ ಕೆಂಪು ಗಾಯ ಹಾಗೇ ಇತ್ತು. ಬಸ್ಸಿನಲ್ಲಿ ಎಲ್ಲರ ಮಾತೂ ಒಂದು ನಿಮಿಷ ನಿಂತಿತು. ಆಮೇಲೆ ಯಾರೋ ಫೋನಿನಲ್ಲಿ ಹಾಡು ಹಾಕಿದರು.

ಗೋಕರ್ಣದಲ್ಲಿ ಎರಡು ದಿನ ಇದ್ದೆವು. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕಡಲಿಗಿಂತ ಜನ ಜಾಸ್ತಿ, ಜನಕ್ಕಿಂತ ಕ್ಯಾಮೆರಾ ಜಾಸ್ತಿ. ಮೂರನೇ ದಿನ ತದಡಿಗೆ ಹೋಗಿ, ಹೊಳೆ ದಾಟಿಸುವ ದೋಣಿ ಹತ್ತಿದೆವು. ಬೈಕು, ಮೀನಿನ ಬುಟ್ಟಿ, ಮದುವೆಗೆ ಹೊರಟವರು, ಎಲ್ಲಾ ಒಂದೇ ದೋಣಿಯಲ್ಲಿ. ಆಚೆ ದಡದ ಊರಿನ ಹೆಸರೂ ಅಘನಾಶಿನಿಯೇ. ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದ ವಾಹನ ಅಂದರೆ ಅದೇ.

ಉಳಿದುಕೊಂಡ ಮನೆಯ ಮಾಲೀಕರು ಸಂಜೆ ದೋಣಿ ವಿಹಾರ ಇದೆ ಅಂದರು. ನಾಲ್ಕಕ್ಕೆ ಹೊರಟರೆ ಸೂರ್ಯಾಸ್ತ ನೋಡಿ ಆರೂವರೆಗೆ ವಾಪಸ್. ದೋಣಿಯವರು ಅರವತ್ತು ದಾಟಿದ ಮನುಷ್ಯ. ಬಂದವರೇ ಮಾಲೀಕರನ್ನು ಬದಿಗೆ ಕರೆದು ಏನೋ ಹೇಳಿದರು. ಮಾಲೀಕರು "ಏನಾಗಲ್ಲ, ಹೋಗಿ ಬನ್ನಿ" ಅಂದರು. ದೋಣಿಯವರು ಹೇಳಿದ್ದೇನು ಅಂತ ನಮಗೆ ಗೊತ್ತಾಗಿದ್ದು ಮುಕ್ಕಾಲು ಗಂಟೆ ಕಳೆದ ಮೇಲೆ. ದೋಣಿಯ ತಳ ಬರಕ್ಕನೆ ಉಜ್ಜಿತು. ಅವರು ಜಲ್ಲೆ ಊರಿ ನೂಕಿದರು, ಇಳಿದು ನೂಕಿದರು. ನಾನೂ ಇಳಿದೆ. ಮೊಣಕಾಲವರೆಗೆ ಹೂತುಹೋದೆ. ಕಾಲು ಬಂತು, ಚಪ್ಪಲಿ ಬರಲಿಲ್ಲ.

"ಇನ್ನು ನೂಕಬೇಡಿ. ಅದು ಬಂದಾಗ ನಾವು ಹೋಗುವಾ" ಅಂದರು ಅವರು.

ಅದು ಅಂದರೆ ಭರತ, ಕಡಲಿನ ಉಬ್ಬರ.

ಈ ಸಿಟ್ಟು ಇನ್ನೂ ಆರಿಲ್ಲ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಈ ಕರಾವಳಿಯಲ್ಲಿ ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಭರತ ಇದ್ದರೆ ಸೂರ್ಯಾಸ್ತದ ಹೊತ್ತಿಗೆ ಸರಿಯಾಗಿ ಇಳಿತ. ಅಂದರೆ ಸೂರ್ಯಾಸ್ತದ ವಿಹಾರಕ್ಕೆ ಅಮಾವಾಸ್ಯೆಯ ಮರುದಿನದಷ್ಟು ಕೆಟ್ಟ ದಿನ ಇನ್ನೊಂದಿಲ್ಲ. ಭರತ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಒಂದು ವಾರ ಬಿಟ್ಟರೆ ಲೆಕ್ಕ ತಿರುವುಮುರುವು. ನೀವು ಹೋದರೆ ಉಳಿದುಕೊಂಡ ಮನೆಯವರನ್ನು ಕೇಳಬೇಡಿ, ದೋಣಿ ನಡೆಸುವವರನ್ನು ಕೇಳಿ. ಟಾರ್ಚು, ಕುಡಿಯುವ ನೀರು ಇರಲಿ. ಬರಿಗಾಲಲ್ಲಿ ಇಳಿಯಬೇಡಿ, ಕೆಸರೊಳಗಿನ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ನನ್ನ ಹಿಮ್ಮಡಿಯಲ್ಲಿ ಗುರುತು ಇದೆ.

ನೀರು ಇಳಿಯುತ್ತಾ ಹೋದಂತೆ ಹೊಳೆಯೊಳಗಿಂದ ಇನ್ನೊಂದು ಊರೇ ಎದ್ದು ಬಂತು. ದಿಬ್ಬಗಳು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು, ಏಡಿಗಳ ಸಾವಿರ ಬಾಗಿಲು. ದೂರದಲ್ಲಿ ಹತ್ತಿಪ್ಪತ್ತು ಹೆಂಗಸರು ಸೊಂಟದವರೆಗಿನ ನೀರಲ್ಲಿ ನಿಂತಿದ್ದರು. ಕುಣಿಯುತ್ತಿದ್ದಾರೇನೋ ಅನ್ನಿಸಿತು. ಅಲ್ಲ, ಪಾದದಲ್ಲೇ ಕೆಸರು ತಡಕುತ್ತಿದ್ದರು. ಬಳಚು, ಅಂದರೆ ಚಿಪ್ಪುಮೀನು, ಕಾಲಿಗೆ ಸಿಕ್ಕಿದ ಕೂಡಲೇ ಬಗ್ಗಿ ಎತ್ತಿ ಬುಟ್ಟಿಗೆ. ನಮ್ಮ ದೋಣಿ ನೋಡಿ ಒಬ್ಬರು ಏನೋ ಕೂಗಿದರು, ಎಲ್ಲರೂ ನಕ್ಕರು. ದೋಣಿಯವರೂ ನಕ್ಕರು. ಏನಂದರು ಅಂತ ಕೇಳಿದರೆ ಹೇಳಲಿಲ್ಲ.

"ಶರಾವತೀಲಿ ಇಷ್ಟು ಬಳಚು ಸಿಗೂದಿಲ್ಲ" ಅಂದರು. ಎಂತಕ್ಕೆ ಅಂತ ಹುಡುಗ ಕೇಳಿದ. ಅವನಿಗೆ ಆಗಲೇ ಅವರ ಭಾಷೆ ಅಂಟಿಕೊಂಡಿತ್ತು.

"ಅಲ್ಲಿ ಅಣೆಕಟ್ಟು ಉಂಟಲ್ಲ. ಕರೆಂಟು ಮಾಡಿ ಬಿಟ್ಟ ನೀರು ಬೇಸಿಗೇಲೂ ಬರ್ತದೆ. ಹೊಳೆ ಚಪ್ಪೆ ಆಗ್ತದೆ. ಬಳಚಿಗೆ ಚಪ್ಪೆಯೂ ಆಗೂದಿಲ್ಲ, ಬರೀ ಉಪ್ಪೂ ಆಗೂದಿಲ್ಲ. ಎರಡೂ ಬೇಕು, ಹೊತ್ತು ಹೊತ್ತಿಗೆ ಬೇಕು."

ದಕ್ಷಿಣಕ್ಕೆ ಶರಾವತಿ, ಉತ್ತರಕ್ಕೆ ಕಾಳಿ, ಎರಡಕ್ಕೂ ಅಣೆಕಟ್ಟು ಇವೆ. ನಡುವಿನ ಅಘನಾಶಿನಿ ಹಾಗಲ್ಲ, ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಯಾರ ತಡೆಯೂ ಇಲ್ಲದೆ ಕಡಲು ಸೇರುತ್ತದೆ. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅದನ್ನು ಹೇಳಿದಾಗ ಅವರು ತಲೆಯಾಡಿಸಿದರು. "ಬೋರ್ಡು ಹಾಕ್ಯಾರೆ" ಅಂದರು, ಅಷ್ಟೇ. ಈ ನೀರನ್ನು ಮೇಲಿನಿಂದಲೇ ವೇದಾವತಿ ನದಿಯ ಕಡೆಗೆ ತಿರುಗಿಸುವ ಯೋಜನೆಯ ಸುದ್ದಿ ಅವರಿಗೆ ಚೆನ್ನಾಗಿ ಗೊತ್ತಿತ್ತು. "ಮಳೆಗಾಲದಲ್ಲಿ ಸಮುದ್ರಕ್ಕೆ ಸುಮ್ನೆ ಹೋಗುವ ನೀರು ಅಂತಾರಲ್ಲ. ಸುಮ್ನೆ ಎಲ್ಲಿ ಹೋತದೆ? ನಮ್ಮ ಗದ್ದೆ ಉಪ್ಪು ತೊಳೆದೇ ಹೋಗೂದು ಅದು."

ಗದ್ದೆ ಅನ್ನುವ ಮಾತು ಬಂದದ್ದು ಹೀಗೆ. ಉಪ್ಪು ನೀರಿನ ಹೊಳೆಯಲ್ಲಿ ಯಾವ ಗದ್ದೆ ಅಂತ ನಾನು ಕೇಳಿದೆ. ಆಮೇಲಿನ ಒಂದೂವರೆ ಗಂಟೆ ನಾನು ಸೂರ್ಯನನ್ನು ಸರಿಯಾಗಿ ನೋಡಲೇ ಇಲ್ಲ. ತಂಗಿ ತೆಗೆದ ಫೋಟೋದಲ್ಲಿ ಆಮೇಲೆ ನೋಡಿದೆ. ಚೆನ್ನಾಗೇ ಇತ್ತು.

ಅಳಿವೆಯ ಬದಿಯ ಈ ತಗ್ಗು ಗದ್ದೆಗೆ ಗಜನಿ ಅಂತಾರೆ. ಅಲ್ಲಿ ಬೆಳೆಯುವ ಭತ್ತ ಕಗ್ಗ. ಭತ್ತಕ್ಕೆ ಉಪ್ಪು ವಿಷ ಅಂತಲೇ ನಾನು ತಿಳಿದಿದ್ದೆ. ಕಗ್ಗ ಉಪ್ಪು ತಡೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಕೊಳೆಯದೆ ಎದ್ದು ನಿಲ್ಲುತ್ತದೆ. ಆಳೆತ್ತರದ ಹತ್ತಿರ ಬೆಳೆಯುತ್ತದೆ. ಗೊಬ್ಬರ ಬೇಡ, ಹೊಳೆ ತರುವ ಗೋಡುಮಣ್ಣು ಸಾಕು. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಗದ್ದೆಗೆ ಉಪ್ಪುನೀರು ಬಿಟ್ಟರೆ ಹುಲ್ಲು ಕೊಳೆತು ಮೀನಿಗೂ ಸಿಗಡಿಗೂ ಮೇವು. ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಮೀನು. ಒಂದೇ ಜಾಗದಲ್ಲಿ.

"ಆದರೆ ಶುರುವಿಗೆ ಒಂದು ಚಪ್ಪೆ ನೀರು ಬೇಕೇ ಬೇಕು" ಅಂದರು. "ಕಗ್ಗ ದೊಡ್ಡವ ಆದ ಮೇಲೆ ಉಪ್ಪು ತಡೀತದೆ. ಶಿಶುವಿದ್ದಾಗ ತಡಿಯೂದಿಲ್ಲ. ಜೂನಿನ ಮಳೆ ಗದ್ದೆ ತೊಳೀಬೇಕು. ಬಾಯಿಗೆ ಹಾಕಿ ನೋಡೂದು. ನಾಲಿಗೆ ಒಪ್ಪಿದರೆ ಮೊಳಕೆ ಬೀಜ ಬಿತ್ತೂದು."

ಅದರ ಹಿಂದಿನ ವರ್ಷ ನಾಲಿಗೆ ಒಪ್ಪಲಿಲ್ಲವಂತೆ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಇಲ್ಲಿ ಮೊಳಕೆ ಬಂದ ಬೀಜ ಬುಟ್ಟಿಯಲ್ಲೇ ಕಾಯುತ್ತಾ ಕೂತಿತ್ತು. ಮೊಳಕೆ ಒಂದು ಹಂತ ದಾಟಿದರೆ ಮುಗಿಯಿತು, ಕಾಯಲು ಬರುವುದಿಲ್ಲ. ಅವರು ಒಂದು ಸಲದ ಬೀಜವನ್ನು ದನಕ್ಕೆ ಹಾಕಿದರು, ಎರಡನೇ ಸಲ ಬಿತ್ತಿದರು. ಅದೇ ವರ್ಷದ ಆಗಸ್ಟ್ ಇಡೀ ದೇಶದಲ್ಲಿ 1901ರಿಂದ ಈಚಿನ ಅತಿ ಒಣ ಆಗಸ್ಟ್. ಗದ್ದೆಯೊಳಗೆ ಮತ್ತೆ ಉಪ್ಪು ಏರಿತು. "ನೆರೆ ಬಂದರೆ ಕಗ್ಗ ತಡೀತದೆ. ಹೊತ್ತು ತಪ್ಪಿದರೆ ಎಂತ ತಡೀತದೆ?" ಅಂದರು.

ಹವಾಮಾನ ಬದಲಾವಣೆ ಅಂದರೆ ನನಗೆ ಬಿಸಿ, ಕಡಲ ಏರಿಕೆ, ಚಂಡಮಾರುತ, ಇಷ್ಟೇ ನೆನಪಾಗುತ್ತಿತ್ತು. ಬುಟ್ಟಿಯಲ್ಲಿ ಮೊಳಕೆ ಒಡೆದು ಕಾಯುತ್ತಿರುವ ಬೀಜ ಯಾವತ್ತೂ ನೆನಪಾಗಿರಲಿಲ್ಲ.

ಎಲ್ಲಾ ತಪ್ಪನ್ನೂ ಮಳೆಯ ಮೇಲೆ ಹಾಕಲು ಅವರು ತಯಾರಿರಲಿಲ್ಲ. 1970ರ ದಶಕದಲ್ಲಿ ಉಪ್ಪುನೀರು ತಡೆಯಲು ಸರ್ಕಾರ ಗಟ್ಟಿ ಬಂಡು ಕಟ್ಟಿತು. ಅದಕ್ಕೂ ಮೊದಲು ಮಣ್ಣಿನ ಒಡ್ಡು, ಊರವರೇ ವರ್ಷ ವರ್ಷ ಸೇರಿ ಸರಿಮಾಡುತ್ತಿದ್ದರು. ಬಂಡು ಬಂದ ಮೇಲೆ ಸೇರುವುದು ನಿಂತಿತು. ಬಂಡು ಒಡೆದಾಗ ಸರ್ಕಾರದ ದಾರಿ ಕಾಯುವುದು ಶುರುವಾಯಿತು. 1990ರ ದಶಕದಲ್ಲಿ ಸಿಗಡಿ ಹುಚ್ಚು ಹಿಡಿಯಿತು. ಭತ್ತ ಯಾಕೆ, ವರ್ಷವಿಡೀ ಉಪ್ಪುನೀರೇ ಇರಲಿ ಅಂದರು. ಬಿಳಿಚುಕ್ಕಿ ರೋಗ ಬಂದು ಸಿಗಡಿ ಸತ್ತಿತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಕಗ್ಗದ ಬೀಜವೇ ಕಳೆದುಹೋಗಿತ್ತು. "ನಾನೂ ಕೊಟ್ಟಿದ್ದೆ ಸಿಗಡಿಗೆ. ಎರಡು ವರ್ಷ ಒಳ್ಳೆ ದುಡ್ಡು" ಅಂತ ಅವರೇ ಹೇಳಿದರು.

ಮಾತಾಡುತ್ತಲೇ ಅವರು ಒಂದು ಕೆಲಸ ಮಾಡಿದ್ದರು. ಜಲ್ಲೆಯನ್ನು ಕೆಸರಲ್ಲಿ ಊರಿ, ನೀರಿನ ಮಟ್ಟಕ್ಕೆ ಒಂದು ದಾರ ಕಟ್ಟಿದ್ದರು. ಹುಡುಗನಿಗೆ ಅದನ್ನು ಕಾಯುವ ಕೆಲಸ. ಕತ್ತಲಾಯಿತು. ಟಾರ್ಚು ಇಲ್ಲ, ಫೋನಿನ ಬೆಳಕು ಹಿಡಿದು ಕೂತಿದ್ದ. ಎಷ್ಟೋ ಹೊತ್ತಾದ ಮೇಲೆ "ಅಜ್ಜಾ, ದಾರ ಕಾಣ್ತಿಲ್ಲ" ಅಂತ ಕೂಗಿದ. ಅವರು ಎದ್ದು ಕೈತೊಳೆದುಕೊಂಡರು. ದೋಣಿ ತಾನೇ ಒಂದು ಸಲ ಅಲುಗಿತು, ನಿದ್ದೆಯಿಂದ ಎದ್ದ ಎಮ್ಮೆಯ ಹಾಗೆ.

ಮರುದಿನ ಯಾಣಕ್ಕೆ ಹೋಗುವುದಿತ್ತು. ಬಿಟ್ಟೆವು. ಮಾಣಿಕಟ್ಟಾ ಕಡೆಯ ಗಜನಿಗೆ ಹೋದೆವು. ಕೊಯ್ಲು ನಡೆಯುತ್ತಿತ್ತು. ಸೊಂಟದ ಮೇಲಿನ ಎತ್ತರಕ್ಕೆ ಹುಲ್ಲು, ಅದರಲ್ಲಿ ಅರ್ಧ ಮಲಗಿದೆ. ನೋಡಲು ಚಂದದ ಗದ್ದೆ ಅಲ್ಲ. ಘಟ್ಟದ ಮೇಲಿನ ಸಾಲು ಹಿಡಿದ ಗದ್ದೆ ನೋಡಿದ ಕಣ್ಣಿಗೆ ಇದು ಯಾರೋ ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣುತ್ತದೆ. ಒಂದು ತೆನೆ ಕೈಗೆ ತೆಗೆದುಕೊಂಡು ಉಜ್ಜಿದೆ. ಹೊಟ್ಟು ಗಟ್ಟಿಯಾಗಿ ಹಿಡಿದಿತ್ತು. ಒಳಗೆ ದಪ್ಪನೆ ಕೆಂಪು ಅಕ್ಕಿ. ಹಕ್ಕಿಗಳು ಪೂರ್ತಿ ಖಾಲಿ ಮಾಡಿದ ತೆನೆಗಳೂ ಬೇಕಾದಷ್ಟು ಇದ್ದವು. ಓಡಿಸುವುದಿಲ್ಲವಾ ಅಂತ ಕೊಯ್ಯುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ. "ಅವಕ್ಕೂ ಹಬ್ಬ ಅಲ್ವಾ" ಅಂದರು. ಪುಣ್ಯದ ಮಾತು ಅಂದುಕೊಂಡು ಕಣ್ಣರಳಿಸುತ್ತಿದ್ದೆ. "ಓಡಿಸಲಿಕ್ಕೆ ಆಳಿಗೆ ಕೊಡುವ ಕೂಲಿ, ಹಕ್ಕಿ ತಿನ್ನೂದಕ್ಕಿಂತ ಜಾಸ್ತಿ" ಅಂತಲೂ ಅವರೇ ಸೇರಿಸಿದರು.

ಬಂಡಿನ ಬಾಯಲ್ಲಿ ಜಂತ್ರಡಿ ಇತ್ತು. ಹಲಗೆ ಇಳಿಸಿ ಏರಿಸುವ ನೀರಿನ ಬಾಗಿಲು. ಭರತದಲ್ಲಿ ಮುಚ್ಚುವುದು, ಇಳಿತದಲ್ಲಿ ತೆಗೆದು ಒಳಗಿನ ನೀರು ಹೊರಬಿಡುವುದು. ಹೊಳೆ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಹಾಗಾಗಿ ರಾತ್ರಿ ಎರಡಕ್ಕೂ ಏಳಬೇಕು. ನಮ್ಮ ದೋಣಿಯ ಅಜ್ಜ ಅಲ್ಲಿಗೂ ಬಂದಿದ್ದರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು, ಉಗುಳಿದರು. ನಾನೂ ಹಾಗೇ ಮಾಡಿದೆ. ನನಗೆ ಉಪ್ಪು ಅಂತಷ್ಟೇ ಗೊತ್ತಾಯಿತು. ಅವರು "ನಿನ್ನೆಗಿಂತ ಜಾಸ್ತಿ" ಅಂದರು.

2025ರ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಟಿವಿಯಲ್ಲಿ ರೈತರಿಗೆ ಸಿಹಿಸುದ್ದಿ ಅಂತ ಓಡುತ್ತಿತ್ತು. ನಾನು ಅಜ್ಜನಿಗೆ ಫೋನ್ ಮಾಡಿದೆ. ಈ ಸಲ ಬೀಜ ಕಾಯಬೇಕಾಗಲಿಲ್ಲ ಅಲ್ವಾ ಅಂದೆ.

"ಬೀಜ ನೆನೆಹಾಕಿಯೇ ಇರಲಿಲ್ಲ ಮಾರಾಯರೇ. ಒಡ್ಡಿಗೆ ಮಣ್ಣು ಹಾಕೂದು ಅರ್ಧ ಬಾಕಿ. ಒಳಗೆ ಮೀನು ಹಿಡಿದು ಮುಗಿದಿಲ್ಲ. ನೀರು ಒಡ್ಡಿನ ಮೇಲೆ ಹತ್ತಿ ಹೋಯ್ತು."

ಮಳೆಯ ಸದ್ದಿನಲ್ಲಿ ಅವರ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಮುಂದೇನು ಅಂತ ಕೇಳಿದೆ.

"ಹುಡುಗ ಹ್ಯಾಂಗಿದ್ದಾನೆ? ದಾರ ಕಾಯೂವ?" ಅಂದರು. ಚೆನ್ನಾಗಿದ್ದಾನೆ ಅಂದೆ. "ಇಳಿತ ಶುರುವಾಯ್ತು, ಹಲಗೆ ತೆಗೀಬೇಕು, ಇಡ್ತೆ" ಅಂದು ಫೋನ್ ಇಟ್ಟರು.