ಎಲೆಯ ಹೆಸರಿನ ಔತಣ

ಹವಾಯಿಗೆ ಹೋದಮೇಲೆ ಒಂದು ಸಂಜೆ ‘ಲೂಔ’ ಅನ್ನುವ ಔತಣಕ್ಕೆ ಹೋಗಲೇಬೇಕು ಅಂತ ಸ್ನೇಹಿತರೆಲ್ಲ ಹೇಳಿ ಕಳಿಸಿದ್ದರು. ಬಿಗ್ ಐಲ್ಯಾಂಡಿನ ಕೈಲುವಾ-ಕೋನಾದಲ್ಲಿ ನಾವೂ ಟಿಕೆಟ್ ತೆಗೆದುಕೊಂಡೆವು. ಕಡಲ ಪಕ್ಕ ಉದ್ದುದ್ದ ಮೇಜು, ಕೊರಳಿಗೆ ಹೂವಿನ ಹಾರ, ವೇದಿಕೆ ಮೇಲೆ ಹವಾಯಿಯ ಹೂಲಾ ನೃತ್ಯ, ಕೊನೆಗೆ ಬೆಂಕಿ ಕುಣಿತ. ಅಂದಹಾಗೆ, ಆ ಬೆಂಕಿ ಕುಣಿತ ಹವಾಯಿಯದ್ದೇ ಅಲ್ಲ, ಸಮೋವಾದ್ದು. ಜಾಸ್ತಿ ಚಪ್ಪಾಳೆ ಬಿದ್ದದ್ದು ಮಾತ್ರ ಅದಕ್ಕೇ.

ಊಟಕ್ಕೆ ಮೊದಲು ‘ಇಮು’ ತೋರಿಸಿದರು. ಇಮು ಅಂದರೆ ನೆಲದೊಳಗಿನ ಒಲೆ. ಗುಂಡಿಯಲ್ಲಿ ಸೌದೆ ಉರಿಸಿ ಕಲ್ಲು ಕಾಯಿಸುತ್ತಾರೆ. ಅದರ ಮೇಲೆ ಬಾಳೆದಿಂಡು, ‘ಟೀ’ ಗಿಡದ ಎಲೆ ಹಾಸಿ, ಇಡೀ ಹಂದಿ ಇಟ್ಟು ಮಣ್ಣು ಮುಚ್ಚುತ್ತಾರೆ. ಈ ಟೀಗೂ ನಮ್ಮ ಚಹಾಕ್ಕೂ ಸಂಬಂಧವಿಲ್ಲ. ಗಂಟೆಗಟ್ಟಲೆ ಬೆಂದ ಮಾಂಸ ಕೈಯಲ್ಲೇ ಎಳೆ ಎಳೆಯಾಗಿ ಬಿಡುತ್ತದೆ.

ಎಲ್ಲರೂ ಹಂದಿಯ ಫೋಟೋ ತೆಗೆಯುತ್ತಿದ್ದಾಗ ನನ್ನ ಕಣ್ಣು ಸಾಲಿನ ಕೊನೆಯ ಪಾತ್ರೆ ಮೇಲೆ ಬಿತ್ತು. ತೆಂಗಿನ ಹಾಲಿನಲ್ಲಿ ಬೆಂದು ಕರಗಿದ ಕಡುಹಸಿರು ಸೊಪ್ಪು, ನಡುನಡುವೆ ಆಕ್ಟೋಪಸ್ ತುಂಡು. ಬಡಿಸುತ್ತಿದ್ದ ಹಿರಿಯಾಕೆಯನ್ನು “ಇದೇನು ಆಂಟಿ?” ಅಂತ ಕೇಳಿದೆ. ಹವಾಯಿಯಲ್ಲಿ ಹಿರಿಯ ಹೆಂಗಸರನ್ನು ಹಾಗೇ ಕರೆಯುವುದು.

“ಇದೇ ಲೂಔ. ಔತಣಕ್ಕೆ ಹೆಸರು ಬಂದದ್ದೇ ಈ ಎಲೆಯಿಂದ” ಅಂದರು.

ನನ್ನವಳು ಮಂಗಳೂರು ಕಡೆಯವಳು. ಒಂದು ಚಮಚ ಸೊಪ್ಪು ಬಾಯಿಗಿಟ್ಟವಳೇ, “ರೀ, ಇದು ಪತ್ರೊಡೆ ಎಲೆ ಅಲ್ವಾ!” ಅಂದಳು. ಹೌದು, ಎಳೇ ಕೆಸುವಿನ ಎಲೆ. ಪೊಲಿನೇಷ್ಯಾದ ಜನ ದೋಣಿಗಳಲ್ಲಿ ತಂದು ಈ ದ್ವೀಪಗಳಲ್ಲಿ ನೆಟ್ಟ ಗಿಡ. ಗಡ್ಡೆ ಬೇಯಿಸಿ ಕುಟ್ಟಿ ನೀರು ಬೆರೆಸಿದರೆ ‘ಪೋಯಿ’, ಎಲೆ ಬೇಯಿಸಿದರೆ ಲೂಔ. ಗಂಟಲು ಕೆರೆಯಲ್ವಾ ಅಂತ ಇವಳು ಕೇಳಿದ್ದಕ್ಕೆ ಆಂಟಿ ನಕ್ಕರು. ಅರೆಬೆಂದರೆ ಅಲ್ಲೂ ಕೆರೆಯುತ್ತದಂತೆ. ನಾವು ಹುಣಸೆಹುಳಿ ಹಾಕುತ್ತೇವೆ, ಅವರು ಸುಮ್ನೆ ಬಹಳ ಹೊತ್ತು ಬೇಯಿಸುತ್ತಾರೆ.

ಹಿಂದೆ ಔತಣಕ್ಕೆ ‘ಪಾಇನಾ’, ‘ಅಹಾಐನಾ’ ಅನ್ನುತ್ತಿದ್ದರು. ಎಲೆಯ ಹೆಸರು ಔತಣಕ್ಕೆ ಅಂಟಿಕೊಂಡದ್ದು ಆಮೇಲೆ. 1856ರ ಹೊನೊಲುಲು ಪತ್ರಿಕೆಯೊಂದರಲ್ಲಿ ಅದು ಆ ಅರ್ಥದಲ್ಲಿ ಸಿಗುತ್ತದೆ. 1819ಕ್ಕೆ ಮುಂಚೆಯಂತೂ ಗಂಡಸರು, ಹೆಂಗಸರು ಒಟ್ಟಿಗೆ ಕೂತು ಉಣ್ಣುವ ಹಾಗೇ ಇರಲಿಲ್ಲ. ‘ಕಪು’ ಎಂಬ ಕಟ್ಟುಪಾಡು. ಹಂದಿಮಾಂಸ, ತೆಂಗಿನಕಾಯಿ ಹೆಂಗಸರು ಮುಟ್ಟುವಂತಿರಲಿಲ್ಲ. ಆ ವರ್ಷ ಒಂದನೇ ಕಮೆಹಮೆಹ ದೊರೆ ತೀರಿಕೊಂಡ. ಅವನ ರಾಣಿ ಕಾಅಹುಮನು ಪಟ್ಟು ಹಿಡಿದಳು. ಹೊಸ ದೊರೆ ಲಿಹೊಲಿಹೊ ಎಲ್ಲರೆದುರು ಹೆಂಗಸರ ಪಂಕ್ತಿಗೆ ಹೋಗಿ ಕೂತು ಉಂಡ. ಕಪು ಅಲ್ಲಿಗೆ ಮುರಿದುಬಿತ್ತು. ಇದೆಲ್ಲ ನಡೆದದ್ದು ಇದೇ ಕೈಲುವಾದಲ್ಲಿ!

ಮರುದಿನ ಬೆಳಿಗ್ಗೆ ಕಮಕಹೊನು ಕೊಲ್ಲಿಗೆ ಹೋದೆವು. ಕಮೆಹಮೆಹ ಕೊನೆಗಾಲ ಕಳೆದ ಜಾಗ. ನೀರಿನಂಚಿನ ಕಲ್ಲುಕಟ್ಟೆ ಮೇಲೆ ಹುಲ್ಲುಮಾಡಿನ ಅಹುಎನಾ ಗುಡಿಯಿದೆ. ಈಗಿರುವುದು ಹೊಸದಾಗಿ ಕಟ್ಟಿದ್ದು. ಪಕ್ಕದ ಮರಳಿನಲ್ಲಿ ಮಕ್ಕಳು ಆಡುತ್ತಿದ್ದರು. ಲೂಔ ಟಿಕೆಟ್ಟಿಗೆ ದುಡ್ಡು ಸುರಿಯುವವರು ಇಲ್ಲಿಗೂ ಒಂದರ್ಧ ಗಂಟೆ ಬರಬೇಕು.

ಟಿಕೆಟ್ ದುಬಾರಿ ಅನ್ನಿಸಿದರೆ ಬಿಡಿ. ಊರೊಳಗಿನ ಸಣ್ಣ ಹೋಟೆಲಿನಲ್ಲಿ ‘ಲೌಲೌ’ ಕೇಳಿ. ಇದೇ ಎಲೆಯಲ್ಲಿ ಹಂದಿಮಾಂಸವನ್ನೋ ಮೀನನ್ನೋ ಸುತ್ತಿ, ಹೊರಗೆ ಟೀ ಎಲೆ ಕಟ್ಟಿ ಹಬೆಯಲ್ಲಿ ಬೇಯಿಸಿರುತ್ತಾರೆ. ಹೊರಗಿನ ಎಲೆ ಬಿಚ್ಚಿ ಪಕ್ಕಕ್ಕಿಡಿ. ಅದು ನಾರು, ತಿನ್ನೋದಲ್ಲ.