ನೆಗೆಟಿವ್ ಬೇಕಾ?

"ಸ್ಕ್ಯಾನ್ ಮೇಲ್ ಮಾಡಿದೀವಲ್ಲ ಮೇಡಂ, ನೆಗೆಟಿವ್ ಬೇಕಾ?"

ಫಿಲಂ ತೊಳೆದು ಸ್ಕ್ಯಾನ್ ಮಾಡುವ ಲ್ಯಾಬಿನ ಕೌಂಟರಿನ ಹುಡುಗ ಕೇಳಿದ್ದು ಇಷ್ಟೇ. ಎದುರು ಮನೆಯ ಹುಡುಗಿ ಹಿಂದೆಮುಂದೆ ನೋಡದೆ "ಬೇಡ, ಇಟ್ಕೊಂಡು ಏನ್ಮಾಡ್ಲಿ" ಅಂದಳು. ಪಕ್ಕದಲ್ಲಿದ್ದ ನಾನು ಕೈ ಚಾಚಿ ನೆಗೆಟಿವ್ ಇದ್ದ, ಅಂದರೆ ತೊಳೆದ ಫಿಲಂ ಇದ್ದ ಕವರ್ ಇಸ್ಕೊಂಡೆ. ಶನಿವಾರದಿಂದ ಆ ಎರಡು ಮಾತು ತಲೆ ಬಿಟ್ಟು ಹೋಗಿಲ್ಲ.

ಹುಡುಗನ ತಪ್ಪೇನಿಲ್ಲ. ಮೇಲ್ ಹೋಯಿತೆಂದರೆ ಅವನ ಕೆಲಸ ಮುಗಿಯಿತು. ಹುಡುಗಿಯೂ ಉಡಾಫೆಯವಳಲ್ಲ. ಕೈಖರ್ಚಿನ ದುಡ್ಡು ಉಳಿಸಿ ರೀಲು ಕೊಳ್ಳುತ್ತಾಳೆ, ಪ್ರತಿ ಫ್ರೇಮಿನ ಅಪರ್ಚರ್, ಶಟರ್ ವೇಗ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಇಷ್ಟು ಶ್ರದ್ಧೆ ಇರುವವಳಿಗೂ ಮುಖ್ಯವಾದ ಸಂಗತಿಯನ್ನು ಯಾರೂ ಹೇಳಿಕೊಟ್ಟಿಲ್ಲ: ಫೋಟೋ ಇರುವುದು ಆ ಕವರಿನೊಳಗೆ. ಮೇಲ್‌ನಲ್ಲಿ ಬಂದದ್ದು ಅದನ್ನು ಒಂದು ಮಷಿನ್ನು ಅವಸರದಲ್ಲಿ ಓದಿದ ಬಗೆ.

ಹದಿನೇಳನೇ ಫ್ರೇಮನ್ನೇ ನೋಡಿ. ಅವಳ ಅಜ್ಜಿ ಅಡುಗೆಮನೆ ಕಿಟಕಿಯ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ. ಫಿಲಂ ಎಚ್‌ಪಿ5 ಪ್ಲಸ್ ಅನ್ನುವ ಕಪ್ಪು-ಬಿಳುಪಿನದು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 400ರಲ್ಲಿ ತೆಗೆದದ್ದು. ಲ್ಯಾಬಿನ ಸ್ಕ್ಯಾನಿನಲ್ಲಿ ಕಿಟಕಿ ಬರೀ ಬಿಳಿ ಚೌಕ, ಅಜ್ಜಿಯ ಮುಖದ ಒಳಬದಿ ಬೂದಿ ಬಣ್ಣ, ಅದರ ಮೇಲೆ ಮರಳು ಚೆಲ್ಲಿದ ಹಾಗೆ ಗ್ರೇನ್. "ಫಿಲಂ ಹಾಳಾಗಿತ್ತೇನೋ ಅಂಕಲ್" ಅಂದಳು.

ಫಿಲಂ ಚೆನ್ನಾಗಿಯೇ ಇತ್ತು. ಲೈಟ್ ಪ್ಯಾಡಿನ ಮೇಲಿಟ್ಟು ಲೂಪ್ ಅನ್ನುವ ಪುಟ್ಟ ಭೂತಗನ್ನಡಿಯಲ್ಲಿ ನೋಡಿದರೆ, ನೆಗೆಟಿವ್‌ನಲ್ಲಿ (ಅಲ್ಲಿ ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಮೂಡುತ್ತದೆ) ಅತಿ ಕಪ್ಪಾಗಿದ್ದ ಕಿಟಕಿಯೊಳಗೆ ಮೂರು ಸರಳು, ಅವುಗಳ ಹಿಂದೆ ಒಂದು ತೆಂಗಿನ ಗರಿ ಕಾಣುತ್ತಿತ್ತು. ಬೆಳಕು ತುಸು ಹೆಚ್ಚಾದರೆ ನೆಗೆಟಿವ್ ಫಿಲಂ ತಡೆದುಕೊಳ್ಳುತ್ತದೆ, ಚಿತ್ರ ಮೂಡಿಸುವ ಬೆಳ್ಳಿ ಇನ್ನಷ್ಟು ದಟ್ಟವಾಗಿ ಕೂರುತ್ತದೆ ಅಷ್ಟೆ. ಕಡಿಮೆಯಾದರೆ ಮಾತ್ರ ಕೈಕೊಡುತ್ತದೆ. ಕಟ್ಟೆಯ ಕೆಳಗಿನ ಕತ್ತಲ ಜಾಗದಲ್ಲಿ ಫಿಲಂ ಗಾಜಿನಂತೆ ಖಾಲಿ. ಅಲ್ಲಿಂದ ಯಾವ ಸ್ಕ್ಯಾನರೂ ಏನನ್ನೂ ಹೊರತೆಗೆಯಲಾರದು. ಅದಕ್ಕೇ ಬೆಳಕು ಅಳೆಯುವ ಮೀಟರನ್ನು ನೆರಳಿಗೆ ಹಿಡಿಯಬೇಕು. ವಿವರ ಬೇಕಾದ ನೆರಳನ್ನು, ಇಲ್ಲಿ ಸೀರೆಯ ನೆರಿಗೆಯ ಒಳಭಾಗವನ್ನು, ಅಳೆದು, ಬಂದ ಅಳತೆಗಿಂತ ಎರಡು ಸ್ಟಾಪ್ ಕಡಿಮೆ, ಅಂದರೆ ಅದರ ಕಾಲು ಭಾಗ ಬೆಳಕು ಕೊಡಬೇಕು; ಮೀಟರ್ ನೆರಳನ್ನೂ ನಡು ಬೂದಿ ಮಾಡಲು ನೋಡುತ್ತದೆ. ಅವಳ ಕ್ಯಾಮೆರಾದ ಮೀಟರ್ ಕಿಟಕಿಯನ್ನು ನೋಡಿ ಮೋಸಹೋಗಿತ್ತು.

ಆ ಮರಳಿನಂಥ ಗ್ರೇನ್ ಬಂದದ್ದೂ ಹೀಗೆಯೇ. ತೆಳುವಾದ ನೆರಳನ್ನು ಮಷಿನ್ನು ತಾನಾಗಿ ಮೇಲೆತ್ತಿ, ಮೇಲಿಂದ ಶಾರ್ಪ್ ಮಾಡಿ, 8 ಬಿಟ್ ಜೆಪೆಗ್ ಆಗಿ ಕಳಿಸಿದೆ. ಕಪ್ಪಿನಿಂದ ಬಿಳಿಯವರೆಗೆ ಒಟ್ಟು 256 ಮೆಟ್ಟಿಲು. 16 ಬಿಟ್ ಟಿಫ್ ಆದರೆ 65,536. ಕಿಟಕಿಯ ಸರಳುಗಳು ಕಳೆದುಹೋದದ್ದು ಕ್ಯಾಮೆರಾದಲ್ಲಲ್ಲ, ಮಷಿನ್ನಿನಲ್ಲಿ.

ಅದೇ ಫ್ರೇಮನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆವು. ಫಿಲಮ್ಮನ್ನು ಅದರ ನಿಜ ಗಾತ್ರದಲ್ಲೇ ಹಿಡಿಯುವ 1:1 ಮ್ಯಾಕ್ರೋ ಲೆನ್ಸ್, ಐಎಸ್‌ಒ 100, ಅಪರ್ಚರ್ ಎಫ್ 8, ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲ್, ಎರಡು ಸೆಕೆಂಡಿನ ಟೈಮರ್. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 36 ಮಿಲಿಮೀಟರಿಗೆ 6,000 ಪಿಕ್ಸೆಲ್ ಸಿಗುತ್ತದೆ, ಅಂದರೆ ಇಂಚಿಗೆ 4,200ಕ್ಕೂ ಹೆಚ್ಚು. ಎಲ್ಲರೂ ಎಡವುವುದು ಕ್ಯಾಮೆರಾವನ್ನೂ ನೆಗೆಟಿವನ್ನೂ ಸಮಾನಾಂತರವಾಗಿ ಇಡುವುದರಲ್ಲಿ. ನೆಗೆಟಿವ್ ಇಡುವ ಜಾಗದಲ್ಲಿ ಪುಟ್ಟ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬರುವವರೆಗೂ ಕ್ಯಾಮೆರಾ ಸರಿಸಿದರೆ ನಾಲ್ಕು ಮೂಲೆಯೂ ಫೋಕಸ್‌ಗೆ ಬರುತ್ತದೆ. ನೆಗೆಟಿವ್ ಲೈಟ್ ಪ್ಯಾಡಿಗೆ ಅಂಟಿಕೊಂಡಿರಬಾರದು. ಒಂದೆರಡು ಸೆಂಟಿಮೀಟರ್ ಮೇಲಿದ್ದರೆ ಪ್ಯಾಡಿನ ಚುಕ್ಕಿಗಳೂ ಧೂಳೂ ಫೋಟೋದಲ್ಲಿ ಕಾಣುವುದಿಲ್ಲ. ಕೋಣೆಯ ದೀಪ ಆರಿಸಿರಬೇಕು, ಇಲ್ಲವಾದರೆ ಫಿಲಮ್ಮಿನ ಮೇಲಿನ ಹೊಳಪು ಕಪ್ಪನ್ನು ಪೇಲವ ಮಾಡುತ್ತದೆ. ಬಣ್ಣದ ಫಿಲಮ್ಮಿಗೆ ಬೇಕಾದ ದುಬಾರಿ ಲೈಟ್ ಕಪ್ಪು-ಬಿಳುಪಿಗೆ ಬೇಕಿಲ್ಲ. ಬೆಳಕು ಎಲ್ಲ ಕಡೆ ಒಂದೇ ಸಮ ಇದ್ದರೆ ಸಾಕು.

ಆಮೇಲೆ ಚಿತ್ರದ ಕಪ್ಪು-ಬಿಳುಪನ್ನು ಅದಲುಬದಲು ಮಾಡಿ, ಎಡಿಟಿಂಗ್ ಸಾಫ್ಟ್‌ವೇರಿನ ಕರ್ವ್‌ನಲ್ಲಿ ಕಿಟಕಿಯ ಭಾಗವನ್ನು ನಿಧಾನವಾಗಿ ಕೆಳಗಿಳಿಸಿದೆವು. ಮೊದಲು ಸರಳು ಬಂತು, ಆಮೇಲೆ ಗರಿ. ಅಜ್ಜಿಯ ಬೆರಳಿಗಂಟಿದ ಬೆಳ್ಳುಳ್ಳಿ ಸಿಪ್ಪೆಯೂ ಬಂತು. ಹುಡುಗಿ ಮಾತಾಡಲಿಲ್ಲ, ಸ್ಕ್ರೀನಿಗೆ ಮುಖ ಹತ್ತಿರ ತಂದು ನೋಡಿದಳು.

ಧೂಳಿನ ಚುಕ್ಕಿಗಳು ಮಾತ್ರ ಬೇಕಾದಷ್ಟಿದ್ದವು. "ಸ್ಕ್ಯಾನರಿನಲ್ಲಾದ್ರೆ ತಾನೇ ಹೋಗುತ್ತಂತಲ್ಲ?" ಅಂದಳು. ಬಣ್ಣದ ಫಿಲಮ್ಮಿನಲ್ಲಿ ಹೋಗುತ್ತದೆ. ಇನ್‌ಫ್ರಾರೆಡ್ ಬೆಳಕು ಬಣ್ಣವನ್ನು ದಾಟಿ ಹೋಗುತ್ತದೆ, ಧೂಳು ಅದನ್ನು ತಡೆಯುತ್ತದೆ, ಹಾಗಾಗಿ ಧೂಳು ಎಲ್ಲಿದೆಯೆಂದು ಸ್ಕ್ಯಾನರಿಗೆ ಗೊತ್ತಾಗುತ್ತದೆ. ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿಯೂ ಇನ್‌ಫ್ರಾರೆಡ್ಡನ್ನು ತಡೆಯುತ್ತದೆ. ಆ ಬಟನ್ ಒತ್ತಿದರೆ ಧೂಳಿನ ಜೊತೆ ಚಿತ್ರವನ್ನೂ ಕೆಡಿಸುತ್ತದೆ. ಬಣ್ಣದ ಫಿಲಮ್ಮಿನ ರಾಸಾಯನಿಕದಲ್ಲೇ ತೊಳೆಯುವ ಎಕ್ಸ್‌ಪಿ2 ಸೂಪರ್ ಥರದ ಕಪ್ಪು-ಬಿಳುಪು ಫಿಲಮ್ಮಿಗೆ ಮಾತ್ರ ಆಗುತ್ತದೆ. ಉಳಿದದ್ದಕ್ಕೆ ಬ್ಲೋವರ್, ಮೆತ್ತನೆ ಬ್ರಷ್, ಫ್ಯಾನ್ ಆರಿಸಿದ ಕೋಣೆ, ತಾಳ್ಮೆ.

ಅರ್ಧ ಧೂಳು ತೊಳೆಯುವಾಗಲೇ ಅಂಟಿರುತ್ತದೆ. ಮುಂದಿನ ರೀಲನ್ನು ಮನೆಯಲ್ಲೇ ತೊಳೆಯುತ್ತೇನೆ ಅಂದಿದ್ದಾಳೆ. ಚಿತ್ರ ಮೂಡಿಸುವ ಡೆವಲಪರ್ ಡಿ-76ಕ್ಕೆ ಅಷ್ಟೇ ನೀರು ಬೆರೆಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ 11 ನಿಮಿಷ. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. 24ಕ್ಕೆ ಏಳೂವರೆ ನಿಮಿಷದ ಆಸುಪಾಸು. ನೀರು ಬೆರೆಸದೆ ಹಾಕಿದರೆ ಆ ಬಿಸಿಗೆ ಐದು ನಿಮಿಷದ ಆಸುಪಾಸಿಗೇ ಮುಗಿದುಬಿಡಬಹುದು, ಆಕಾಶದಂಥ ಬಯಲು ಜಾಗದಲ್ಲಿ ಪಟ್ಟೆ ಬೀಳಬಹುದು. ಐಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸುತ್ತಲಿನ ಟಬ್ಬಿನ ನೀರಿಗೆ ಹಾಕಬೇಕು, ಡೆವಲಪರ್‌ಗಲ್ಲ. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಿ, ಗುಳ್ಳೆ ಬಿಡಲು ಒಮ್ಮೆ ಕುಟ್ಟಬೇಕು. ಚಿತ್ರವನ್ನು ಬೆಳಕಿಗೆ ಕೆಡದಂತೆ ನಿಲ್ಲಿಸುವ ಹೈಪೋ ಹಳೆಯದೋ ಅಂತ ಅನುಮಾನ ಬಂದರೆ ಕತ್ತರಿಸಿದ ಫಿಲಂ ತುದಿಯನ್ನು ಅದರಲ್ಲಿ ಅದ್ದಿ ನೋಡಿ. ತಿಳಿಯಾಗಲು ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಹೊತ್ತು ರೀಲು ಹೈಪೋದಲ್ಲಿರಬೇಕು. ಕೊನೆಯ ಜಾಲಾಟ ಬೋರ್‌ವೆಲ್ ನೀರಿನಲ್ಲಿ ಬೇಡ, ಒಣಗಿದ ಮೇಲೆ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. 300 ಮಿಲಿ ಡಿಸ್ಟಿಲ್ಡ್ ನೀರಿಗೆ ಹನಿ ನಿಲ್ಲದಂತೆ ನೀರು ಜಾರಿಸುವ ಫೋಟೋ-ಫ್ಲೋ ಒಂದೂವರೆ ಮಿಲಿ ಹಾಕಿ ಅದ್ದಿ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ನೇತುಹಾಕಬೇಕು.

ಸಂಜೆ ಅಜ್ಜಿ ಒಂದು ಬೆಣ್ಣೆ ಕಾಗದದ ಕವರ್ ಹುಡುಕಿ ತಂದರು. 120 ಅನ್ನುವ ಅಗಲ ಫಿಲಮ್ಮಿನ ಒಂದು ನೆಗೆಟಿವ್, ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ "ಇಂದು ಫಿಲಂ, 1974". ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಮಾಡುತ್ತಿದ್ದ ಫಿಲಂ ಅದು. ಕಾರ್ಖಾನೆ ಮುಚ್ಚಿಹೋಗಿದೆ, ತೆಗೆದ ಸ್ಟುಡಿಯೋ ಕೂಡ ಇಲ್ಲ. ಅಂಚಿನಲ್ಲಿ ಒಂದಿಷ್ಟು ಬೂಷ್ಟು ಹಿಡಿದಿದ್ದು ಬಿಟ್ಟರೆ ಚಿತ್ರ ಗಟ್ಟಿಯಾಗಿದೆ. ಫಿಲಮ್ಮಿನ ಮೇಲಿನ ಜೆಲಟಿನ್ ಪದರ ಬೂಷ್ಟಿಗೆ ಊಟ, ಮಳೆಗಾಲ ದಾಟಿಸುವುದೇ ಕಷ್ಟ. ಮಲೆನಾಡು, ಕರಾವಳಿಯವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಲೇಬೇಕು. ಆರು ಸೆಂಟಿಮೀಟರ್ ಅಗಲದ ಫಿಲಂ ಆದ್ದರಿಂದ ಸಾಮಾನ್ಯ ಫ್ಲಾಟ್‌ಬೆಡ್ ಸ್ಕ್ಯಾನರೇ ಸಾಕಾಯಿತು. ಐವತ್ತು ವರ್ಷ ಕಳೆದ ಮೇಲೂ ಕೇಳಿದ್ದನ್ನೆಲ್ಲ ಕೊಟ್ಟಿತು: ಸೀರೆಯ ಅಂಚು, ಮೂಗುತಿಯ ಕಲ್ಲು, ಹಿಂದಿನ ಪರದೆಯ ಮಡಿಕೆ. ತೆಗೆದವನು ಕಂಪ್ಯೂಟರ್ ಕಂಡವನೇ ಅಲ್ಲ. ಆದರೂ ಅವನ ಕೆಲಸ ಇವತ್ತಿನ ಸ್ಕ್ಯಾನರಿಗೆ ಸಿಕ್ಕಿತು, ಯಾರೋ "ಬೇಕು" ಅಂದಿದ್ದರಿಂದ.

ಸೋಮವಾರ ಹುಡುಗಿ ತಾನಾಗಿಯೇ ಲ್ಯಾಬಿಗೆ ಹೋದಳು, ಹಿಂದಿನ ಎರಡು ರೀಲಿನ ನೆಗೆಟಿವ್ ಕೇಳಲು. ತಿಂಗಳ ಮೇಲೆ ಇಟ್ಟುಕೊಳ್ಳುವುದಿಲ್ಲವಂತೆ. 72 ಫ್ರೇಮು, ಈಗ 1,800 ಪಿಕ್ಸೆಲ್ಲಿನ ಜೆಪೆಗ್‌ಗಳು ಮಾತ್ರ. ಮೂರನೆಯದನ್ನು ಆರಾರು ಫ್ರೇಮಿನ ಆರು ಪಟ್ಟಿ ಮಾಡಿ, ಪಿವಿಸಿ ಅಲ್ಲದ ಪಾಲಿಪ್ರೊಪಿಲೀನ್ ಹಾಳೆಗೆ ತೂರಿಸಿ, ಮೇಲೆ ತಾರೀಕು ಬರೆದು ಅಜ್ಜಿಯ ಕವರಿನ ಜೊತೆಗೇ ಇಟ್ಟಿದ್ದಾಳೆ.