ಶಂಕೆಯೋ, ಸಂಖ್ಯೆಯೋ?

ಕಳೆದ ಶ್ರಾವಣದ ಒಂದು ಶುಕ್ರವಾರ ಸಂಜೆ ದೇವರ ಮುಂದೆ ಕುಳಿತು ಅಮ್ಮನೂ ಅತ್ತಿಗೆಯೂ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡುತ್ತಿದ್ದರು. ಹೆಜ್ಜೆ, ಗೆಜ್ಜೆ, ಮಜ್ಜಿಗೆ, ಬೆಣ್ಣೆಯವರೆಗೆ ಇಬ್ಬರ ದನಿಯೂ ಒಂದೇ ಆಗಿತ್ತು. ನಾಲ್ಕನೆಯ ನುಡಿಯ ಹೊಸ್ತಿಲಲ್ಲಿ ಮಾತ್ರ ಅತ್ತಿಗೆ ಸ್ಪಷ್ಟವಾಗಿ ‘ಶಂಕೆಯಿಲ್ಲದ ಭಾಗ್ಯವ ಕೊಟ್ಟು’ ಎಂದರು, ಅಮ್ಮ ಹಾಡಿದ್ದು ನನ್ನ ಕಿವಿಗೆ ‘ಸಂಖ್ಯೆಯಿಲ್ಲದ’ ಎಂದು ಕೇಳಿಸಿತು. ಆರತಿ ಮುಗಿಯುವವರೆಗೂ ಕಷ್ಟಪಟ್ಟು ಸುಮ್ಮನಿದ್ದ ಅಣ್ಣನ ಮಗಳು, ಕೋಸಂಬರಿಯ ತಟ್ಟೆ ಕೈಗೆ ಬಂದ ಕೂಡಲೇ, “ಚಿಕ್ಕಪ್ಪ, ಅದು ಶಂಕೆನಾ, ಸಂಖ್ಯೆನಾ?” ಎಂದು ಕೇಳಿದಳು. ಅಂದು ರಾತ್ರಿ ಊಟ ತಡವಾದದ್ದು ಆ ಪ್ರಶ್ನೆಯಿಂದಲೇ.

ಅರ್ಥವನ್ನು ಹಿಡಿದು ಹೊರಟರೆ ಸಂಖ್ಯೆಯ ಪಕ್ಷ ಗೆಲ್ಲುವಂತೆ ಕಾಣುತ್ತದೆ. ಎಣಿಕೆಗೆ ಸಿಗದಷ್ಟು ಭಾಗ್ಯವನ್ನು ಲಕ್ಷ್ಮಿಯಲ್ಲಿ ಬೇಡಿಕೊಳ್ಳುವುದು ಸಹಜ, ‘ಶಂಕೆಯಿಲ್ಲದ ಭಾಗ್ಯ’ ಎಂದಾಗ ಕೊಂಚ ಯೋಚಿಸಬೇಕಾಗುತ್ತದೆ. ಆದರೆ ಅದೇ ನುಡಿಯ ಉಳಿದ ಸಾಲುಗಳ ಮೊದಲ ಪದಗಳನ್ನು ಗಮನಿಸಿ: ‘ಕಂಕಣ ಕೈಯ ತಿರುವುತ ಬಾರೆ’, ‘ಕುಂಕುಮಾಂಕಿತೆ ಪಂಕಜಲೋಚನೆ’, ‘ವೆಂಕಟರಮಣನ ಬಿಂಕದ ರಾಣಿ’. ಕಂಕ, ಕುಂಕು, ವೆಂಕ. ಎರಡನೆಯ ಅಕ್ಷರದ ಪ್ರಾಸವನ್ನು ದಾಸರು ಎಲ್ಲಿಯೂ ಕೈಬಿಟ್ಟಿಲ್ಲ. ಮೊದಲ ನುಡಿಯ ಹೆಜ್ಜೆ, ಗೆಜ್ಜೆ, ಸಜ್ಜನ, ಮಜ್ಜಿಗೆಗಳಲ್ಲಿಯೂ ನಡೆದಿರುವುದು ಇದೇ ಲೆಕ್ಕ. ಆ ಲೆಕ್ಕಕ್ಕೆ ಕೂಡುವುದು ಶಂಕೆಯೇ ಹೊರತು ಸಂಖ್ಯೆಯಲ್ಲ ಎಂದು ನಾನು ತುಸು ಜಂಬದಿಂದಲೇ ಹೇಳಿದೆ. ಅಣ್ಣ ಬಿಡಲಿಲ್ಲ. ಕಕಾರಕ್ಕೆ ಖಕಾರ ಬಂದರೂ ಒಂದೇ ವರ್ಗದ ಅಕ್ಷರವಾದ್ದರಿಂದ ಒಪ್ಪಿಗೆಯೆನ್ನುವ ವರ್ಗಪ್ರಾಸವೆಂಬ ರಿಯಾಯಿತಿ ನಮ್ಮ ಛಂದಸ್ಸಿನ ಪುಸ್ತಕಗಳಲ್ಲಿಯೇ ಇದೆಯೆಂದು ಅವನು ನೆನಪಿಸಿದ. ಕೀರ್ತನೆಗಳ ಮುದ್ರಿತ ಪುಸ್ತಕಗಳಲ್ಲಿ ಎರಡು ಪಾಠಗಳೂ ಸಿಗುತ್ತವೆ. 16ನೆಯ ಶತಮಾನದಲ್ಲಿ ಹುಟ್ಟಿ, ತಂಬೂರಿ ಹಿಡಿದು ಬೀದಿ ಸುತ್ತುವವರ ಬಾಯಿಂದ ಅಡುಗೆಮನೆಯ ಹೆಂಗಸರ ಬಾಯಿಗೆ ದಾಟುತ್ತ ಉಳಿದು ಬಂದ ಹಾಡಿನಲ್ಲಿ, ಯಾರೋ ಒಬ್ಬರು ಸರಿಯಾಗಿ ಕೇಳಿಸಿಕೊಳ್ಳದೆ ಹಾಡಿದ್ದೇ ಮುಂದಿನವರಿಗೆ ಮೂಲವಾಗಿರುವ ಸಂಭವ ಸಾಕಷ್ಟಿದೆ. ನಾನಿನ್ನೂ ಶಂಕೆಯ ಪಕ್ಷದಲ್ಲಿಯೇ ಇದ್ದೇನೆ.

ಅದೇ ಹಾಡಿನ ಕನಕವೃಷ್ಟಿಯ ನುಡಿಯಲ್ಲಿ ಪ್ರಾಸದ ಸಹಾಯವೂ ಸಿಗುವುದಿಲ್ಲ. ಕೆಲವರು ‘ಮನಕೆ ಮಾನವ ಸಿದ್ಧಿಯ ತೋರೆ’ ಎಂದು ಹಾಡುತ್ತಾರೆ, ಕೆಲವರು ‘ಮನಕಾಮನೆಯ ಸಿದ್ಧಿಯ ತೋರೆ’ ಎನ್ನುತ್ತಾರೆ. ಕನಕ, ದಿನಕರ, ಜನಕರಾಯರ ಸಾಲಿಗೆ ಎರಡೂ ಒಪ್ಪುತ್ತವೆ. ಆದರೆ ‘ಮಾನವ ಸಿದ್ಧಿ’ ಎಂದರೇನೆಂದು ನನಗೆ ಈವರೆಗೆ ಯಾರೂ ತೃಪ್ತಿಯಾಗುವಂತೆ ಹೇಳಿಲ್ಲ. ಮನಸ್ಸಿನ ಕಾಮನೆ ಸಿದ್ಧಿಸಲಿ ಎಂಬುದಕ್ಕಾದರೋ ವಿವರಣೆಯೇ ಬೇಡ.

ನಮ್ಮ ಭಾಷೆಯಲ್ಲಿ ಕಿವಿ ಎಡವುವುದು ಬಹುಮಟ್ಟಿಗೆ ಸಂಧಿಯ ಜಾಗದಲ್ಲಿ. ಯಶೋದೆ ಕೃಷ್ಣನನ್ನು ಆಡಿಸುವ ಪುರಂದರದಾಸರ ಕೀರ್ತನೆಯಲ್ಲಿ ‘ಆಡಿಸಿದಳು ಯಶೋದೆ’ ಎಂಬುದು ಕೂಡಿ ‘ಆಡಿಸಿದಳೆಶೋದೆ’ ಆಗಿದೆ. ಗಾಯಕರು ‘ಆಡಿಸಿದಳೇ’ ಎಂದು ಎಳೆದು ಒಂದು ಕ್ಷಣ ತಡೆದು ‘ಶೋದೆ’ ಎನ್ನುವುದನ್ನು ರೇಡಿಯೋದಲ್ಲಿ ಕೇಳಿ ಕೇಳಿ, ಗೋಕುಲದಲ್ಲಿ ಶೋದೆ ಎಂಬ ಇನ್ನೊಬ್ಬ ಹೆಂಗಸೂ ಇದ್ದಳೆಂದು, ಯಶೋದೆಗೆ ಮನೆಗೆಲಸ ಹೆಚ್ಚಾದಾಗ ಮಗುವನ್ನು ಆಡಿಸಲು ಅವಳು ಬರುತ್ತಿದ್ದಳೆಂದು ನಾನು ಏಳೆಂಟು ವರ್ಷದವನಾಗುವವರೆಗೂ ನಂಬಿದ್ದೆ. ಆ ಕೀರ್ತನೆಯ ಮೊದಲ ಪದದಲ್ಲಿ ಇನ್ನೂ ದೊಡ್ಡ ತೊಡಕಿದೆ, ಅದು ಮಕ್ಕಳದಲ್ಲ, ಕಛೇರಿ ಮಾಡುವವರದು. ಪದ ‘ಜಗದೋದ್ಧಾರನ’, ಜಗವನ್ನು ಉದ್ಧರಿಸುವವನನ್ನು ಎಂದು ಅರ್ಥ. ವೇದಿಕೆಯ ಮೇಲೆ ಕೇಳಿಬರುವುದು ಬಹಳ ಸಲ ‘ಜಗದೋದ್ಧಾರಣ’. ರಕಾರದ ಬಳಿಕ ಬರುವ ನಕಾರ ಣಕಾರವಾಗುವ ಸಂಸ್ಕೃತದ ರೂಢಿಗೆ, ಅಂದರೆ ನಾರಾಯಣ, ರಾಮಾಯಣಗಳಿಗೆ ಒಗ್ಗಿದ ಕಿವಿ ಇಲ್ಲಿಯೂ ತಾನಾಗಿಯೇ ಣಕಾರವನ್ನು ಕೂರಿಸಿಬಿಡುತ್ತದೆ. ಒಂದೇ ಅಕ್ಷರದ ವ್ಯತ್ಯಾಸದಿಂದ ವ್ಯಕ್ತಿ ಮಾಯವಾಗಿ, ಯಶೋದೆ ಮಗುವನ್ನು ಬಿಟ್ಟು ಉದ್ಧಾರವೆಂಬ ಕಾರ್ಯವನ್ನೇ ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುವಂತಾಗುತ್ತದೆ. ಸಂಸ್ಕೃತದ ಸಂಧಿಯಂತೆ ಅದು ‘ಜಗದುದ್ಧಾರ’ವಾಗಬೇಕಿತ್ತೆಂದು ಹೇಳುವವರೂ ಇದ್ದಾರೆ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ದ ‘ಕಾಲಲಂದುಗೆ’ಯ ಗತಿಯೂ ಇಂಥದ್ದೇ. ಕಾಲಿನಲ್ಲಿರುವ ಅಂದುಗೆ ಎಂದು ಬಿಡಿಸಿಕೊಳ್ಳದವರ ಬಾಯಲ್ಲಿ ಅದು ‘ಕಾಲಾ ಲಂದಿಗೆ’ಯಾಗಿ, ಯಾವ ಅಕ್ಕಸಾಲಿಗನೂ ಮಾಡಿಕೊಡಲಾಗದ ಒಡವೆಯಾಗಿದೆ.

ಇಂಥ ತಪ್ಪುಕೇಳಿಕೆಗೆ ಇಂಗ್ಲಿಷಿನವರು ‘ಮಾಂಡಗ್ರೀನ್’ ಎಂಬ ಹೆಸರಿಟ್ಟಿದ್ದಾರೆ. ಸಿಲ್ವಿಯಾ ರೈಟ್ ಎಂಬ ಲೇಖಕಿ 1954ರಲ್ಲಿ ಹಾರ್ಪರ್ಸ್ ಪತ್ರಿಕೆಗೆ ಬರೆದ ಪ್ರಬಂಧದಿಂದ ಬಂದ ಪದವದು. ಮೋರೆಯ ಅರ್ಲ್‌ನನ್ನು ಕೊಂದು ‘ಲೇಯ್ಡ್ ಹಿಮ್ ಆನ್ ದ ಗ್ರೀನ್’, ಅಂದರೆ ಹುಲ್ಲಿನ ಮೇಲೆ ಮಲಗಿಸಿದರು ಎಂಬ ಸ್ಕಾಟ್ಲೆಂಡಿನ ಲಾವಣಿಯ ಸಾಲನ್ನು ಆಕೆ ಬಾಲ್ಯದಲ್ಲಿ ತಾಯಿಯ ಬಾಯಿಂದ ಕೇಳಿ, ಅರ್ಲ್‌ನ ಜೊತೆಗೆ ‘ಲೇಡಿ ಮಾಂಡಗ್ರೀನ್’ ಎಂಬ ಹೆಂಗಸೂ ಸತ್ತಳೆಂದು ತಿಳಿದಿದ್ದರಂತೆ. ಇದನ್ನು ಓದಿದ ದಿನ ನನ್ನ ಶೋದೆಗೆ ಒಬ್ಬ ಅಕ್ಕ ಸಿಕ್ಕಷ್ಟು ಸಂತೋಷವಾಯಿತು. ಹಿಂದಿಯಲ್ಲಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1980ರ ‘ಕುರ್ಬಾನಿ’ ಚಿತ್ರದ್ದು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಬಿದ್ದು ಸಂಗೀತ ಕೊಟ್ಟು ನಾಜಿಯಾ ಹಸನ್ ಹಾಡಿದ ಹಾಡಿನ ‘ಬಾತ್ ಬನ್ ಜಾಯೇ’ ಎಂಬ ಮಾತು ಎಷ್ಟೋ ಜನರಿಗೆ ‘ಬಾಪ್ ಬನ್ ಜಾಯೇ’ ಎಂದು ಕೇಳಿಸಿ, ಮಾತು ಕುದುರುವ ಜಾಗದಲ್ಲಿ ಯಾರೋ ಅಪ್ಪನೇ ಆಗಿಬಿಡುತ್ತಾರೆ.

ಶಾಲೆಯ ಹಾಡುಗಳದು ಬೇರೆಯೇ ಕಥೆ, ಏಕೆಂದರೆ ಅಲ್ಲಿ ಅರ್ಥ ಗೊತ್ತಾಗುವುದಕ್ಕೆ ಮೊದಲೇ ಹಾಡು ಬಾಯಿಪಾಠವಾಗಿರುತ್ತದೆ. 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ಕವಿತೆಯಲ್ಲಿ ‘ರಾಘವ ಮಧುಸೂದನರವತರಿಸಿದ’ ಎಂಬ ಸಾಲಿದೆ. ಅಣ್ಣನ ಮಗಳ ತರಗತಿಯವರು ಉಸಿರೆಳೆದುಕೊಳ್ಳುವುದು ‘ಮಧುಸೂದನ’ ಎಂದಾದ ಮೇಲೆ, ಆದ್ದರಿಂದ ಅವರ ಪಾಲಿಗೆ ‘ರವತರಿಸಿದ’ ಎಂಬ ಹೊಸದೊಂದು ಕ್ರಿಯಾಪದ ಹುಟ್ಟಿಕೊಂಡಿದೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾದ ಮೇಲಂತೂ ಪದ ಬಿಡಿಸಿ ಹೇಳಿಕೊಡುವ ಪುರುಸೊತ್ತು ಯಾರಿಗಿದೆ? ಅದೇ ಗೀತೆಯ ‘ಕಬ್ಬಿಗ’ ಎಂದರೆ ಏನೆಂದು ಕೇಳಿದ್ದಕ್ಕೆ, ಮಂಡ್ಯದಲ್ಲಿ ಓದುವ ಆ ಹುಡುಗಿ ಕಿಂಚಿತ್ತೂ ಅನುಮಾನವಿಲ್ಲದೆ, “ಕಬ್ಬು ಬೆಳೆಯೋರು” ಎಂದಳು. ಆಲೆಮನೆಯ ಹೊಗೆ ಕಿಟಕಿಗೆ ಬಡಿಯುವ ಊರಿನಲ್ಲಿ ಕವಿಗಿಂತ ಕಬ್ಬಿನವನು ಮೊದಲು ನೆನಪಾಗುವುದರಲ್ಲಿ ತಪ್ಪೇನೂ ಕಾಣದೆ ನಾನು ತಿದ್ದಲಿಲ್ಲ, ಅವಳಪ್ಪ ತಿದ್ದಿದ.

ರಾಜ್ಯೋತ್ಸವಕ್ಕೆಂದು ಅವಳು ಅಭ್ಯಾಸ ಮಾಡುತ್ತಿದ್ದ ಡಿ. ಎಸ್. ಕರ್ಕಿಯವರ ‘ಹಚ್ಚೇವು ಕನ್ನಡದ ದೀಪ’ವನ್ನು ಮಾತ್ರ ಅತ್ತಿಗೆಯೇ ತಡೆದರು. ಹುಡುಗಿ ಚೇಕಾರವನ್ನು ಮೊಟಕು ಮಾಡಿ ‘ಹಚ್ಚೆವು’ ಎನ್ನುತ್ತಿದ್ದಳು. ಧಾರವಾಡದಲ್ಲಿ ಹುಟ್ಟಿ ಬೆಳೆದ ಅತ್ತಿಗೆ ಒಳಗಿನಿಂದಲೇ, “ಹಚ್ಚೆವು ಅಂದ್ರ ಹಚ್ಚೂದಿಲ್ಲ ಅಂತ ಆತಲ್ಲವ್ವಾ, ಹಚ್ಚೇವು ಅನ್ನು” ಎಂದು ಕೂಗಿದರು. ವ್ಯಾಕರಣದ ಮಾತಿನಲ್ಲಿ ಒಂದು ಸಂಭಾವನಾರ್ಥಕ, ಇನ್ನೊಂದು ನಿಷೇಧಾರ್ಥಕ. ಒಂದು ಮಾತ್ರೆ ಕಡಿಮೆಯಾದರೆ, ದೀಪ ಹಚ್ಚುತ್ತೇವೆನ್ನುವ ನಾಡು ಹಚ್ಚುವುದೇ ಇಲ್ಲವೆಂದು ಹಟ ಹಿಡಿದು ಕುಳಿತಂತಾಗುತ್ತದೆ. ಹಳೆಯ ಮೈಸೂರಿನವರಾದ ನಮ್ಮ ಆಡುಮಾತಿನಲ್ಲಿ ‘ಹಚ್ಚೇವು’, ‘ಮಾಡೇವು’ಗಳ ಬಳಕೆ ಅಪರೂಪವಾದ್ದರಿಂದ ಆ ದೀರ್ಘ ನಮ್ಮ ಕಿವಿಗೆ ಬರಿಯ ರಾಗದ ಎಳೆತವಾಗಿ ಕೇಳಿಸುತ್ತದೆ.

ಶಂಕೆ, ಸಂಖ್ಯೆಗಳ ವ್ಯಾಜ್ಯ ಅಂದು ರಾತ್ರಿ ತೀರ್ಮಾನವಾಗದಿದ್ದಾಗ, ಅಮ್ಮ ಮದುವೆಗೆ ಮೊದಲು ರೇಡಿಯೋ ಕೇಳಿ ಹಾಡು ಬರೆದುಕೊಳ್ಳುತ್ತಿದ್ದ ಇನ್ನೂರು ಪುಟದ ನೋಟುಬುಕ್ಕನ್ನು ಬೀರುವಿನಿಂದ ತೆಗೆಸಿದೆವು. ಕೇಳಿಸಿದಷ್ಟನ್ನು ಸೀಸದಕಡ್ಡಿಯಲ್ಲಿ ಬರೆದು, ಕೇಳಿಸದ ಜಾಗವನ್ನು ಖಾಲಿ ಬಿಟ್ಟು, ಮುಂದಿನ ಸಲ ಅದೇ ಹಾಡು ಬಂದಾಗ ನೀಲಿ ಶಾಯಿಯಲ್ಲಿ ತುಂಬುವುದು ಅವರ ಪದ್ಧತಿ. ಪುಟದ ಅಂಚುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ನಾವು ಹುಡುಕುತ್ತಿದ್ದ ಪದ ನೀಲಿ ಶಾಯಿಯಲ್ಲಿತ್ತು, ದುಂಡಗಿನ ಅಕ್ಷರಗಳಲ್ಲಿ, ಯಾವ ಚಿತ್ತೂ ಇಲ್ಲದೆ: ‘ಶಂಖೆಯಿಲ್ಲದ ಭಾಗ್ಯವ ಕೊಟ್ಟು’. ಅಣ್ಣ ಪುಟವನ್ನು ದೀಪದ ಹತ್ತಿರ ಹಿಡಿದು ಮತ್ತೊಮ್ಮೆ ಓದಿದ. ಅಮ್ಮ ಕನ್ನಡಕ ಸರಿಪಡಿಸಿಕೊಂಡು, “ನಾನು ಹಾಡೋದೂ ಹಾಗೇ ಅಲ್ವೇನೋ, ಸಂಖ್ಯೆ ಅಂತ ಯಾವತ್ತು ಅಂದೆ?” ಎಂದು ನನ್ನನ್ನೇ ಕೇಳಿದರು.